ಹೊರಗಿರುವ ಸಾಮಾನು

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಅವಳು ಎದ್ದು ಹಜಾರಕ್ಕೆ ಬಂದಾಗ ಅಲ್ಲಿ ನಲವತ್ತು ಕುರ್ಚಿಗಳಿದ್ದವು, ಮನೆಯಲ್ಲಿ ಕೂರುವವರು ಇಬ್ಬರು. ಮಡಚುವ ಕುರ್ಚಿ, ಪ್ಲಾಸ್ಟಿಕ್ ಕುರ್ಚಿ, ಒಂದು ಕಾಲು ಗಿಡ್ಡವಾದ ಮರದ ಕುರ್ಚಿ, ಕ್ಷೌರದಂಗಡಿಯ ತಿರುಗುವ ಕುರ್ಚಿ ಕೂಡ. ಅಂತ್ಯಕ್ರಿಯೆಯ ದಿನ ಬೀದಿಯವರು ಕೇಳದೆಯೇ ಹೊತ್ತು ತಂದದ್ದು. ತರುವಾಗ ಇದ್ದ ಉಮೇದು ಒಯ್ಯುವಾಗ ಯಾರಿಗೂ ಇರಲಿಲ್ಲ. ಸಾವಿನ ಮನೆಗೆ ಬಂದು ಕುರ್ಚಿ ಕೊಡಿ ಎಂದು ಕೇಳುವುದು ಹೇಗೆ ಎಂದು ಎಲ್ಲರೂ ಸುಮ್ಮನಿದ್ದರು.

ಗಂಡ ಹೋಗಿ ಒಂಬತ್ತು ದಿನ. ಕಚೇರಿಯ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲ. ಮೂವತ್ತೆಂಟು ವಯಸ್ಸು. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಹಾಗೆ ಅವಳು ತನ್ನನ್ನು ಆಗಾಗ ಮುಟ್ಟಿ ನೋಡಿಕೊಂಡು ಓಡಾಡುತ್ತಿದ್ದಳು.

ಅಡುಗೆಮನೆಯಲ್ಲಿ ನಾದಿನಿ ಡಬ್ಬಿಗಳ ಜೊತೆ ಜಗಳಕ್ಕೆ ನಿಂತಿದ್ದಳು. ಎಲ್ಲರೂ ಹೋದರೂ ಅವಳೊಬ್ಬಳು ಇನ್ನೊಂದು ವಾರ ಇರುತ್ತೇನೆಂದು ಉಳಿದುಕೊಂಡಿದ್ದಳು.

"ಅತ್ತಿಗೆ, ಏನಿದು ನಿಮ್ಮ ಮನೆ ವ್ಯವಹಾರ? ಡಬ್ಬಿ ಮೇಲೆ ಸಕ್ಕರೆ ಅಂತಿದೆ, ಒಳಗೆ ಉಪ್ಪಿದೆ."

"ಚೀಟಿ ಅಂಟಿಸಿದ್ದು ನಿಮ್ಮಣ್ಣ."

"ಹಾಗಾದ್ರೆ ಸರಿ ಬಿಡಿ. ಉಪ್ಪು ಬೇಕಾದ್ರೆ ಸಕ್ಕರೆ ಡಬ್ಬಿ ನೋಡ್ಬೇಕು ಅಂತ ನಾನೇ ಅರ್ಥ ಮಾಡ್ಕೋಬೇಕಿತ್ತು."

ಅಷ್ಟರಲ್ಲಿ ಗಂಡನ ಫೋನು ರಿಂಗಾಯಿತು. ಅದನ್ನು ಆರಿಸಿಬಿಡುವುದು ಅವಳಿಗೆ ಇನ್ನೂ ಸಾಧ್ಯವಾಗಿರಲಿಲ್ಲ. ಎತ್ತಿದಳು.

"ಡ್ರಿಲ್ಲಿಂಗ್ ಮಶೀನು ವಾಪಸ್ ಕೊಟ್ಟೆ," ಎಂದಿತು ಒಂದು ಹೆಣ್ಣುದನಿ. "ಯಾವಾಗ್ಲೂ ಸಾರ್‌ಗೆ ಹೇಳ್ತಿದ್ದೆ. ಈಗ ಯಾರಿಗೆ ಹೇಳ್ಬೇಕೋ ಗೊತ್ತಾಗ್ಲಿಲ್ಲ. ಹೇಳದೇ ಇರೋಕೂ ಮನಸ್ಸು ಬರ್ಲಿಲ್ಲ."

"ಆಯ್ತು," ಎಂದಳು.

ಒಂಬತ್ತು ದಿನದಿಂದ ಇಂಥ ಫೋನುಗಳೇ. ಏಣಿ ವಾಪಸ್ ಕೊಟ್ಟೆ, ತಳ್ಳುಗಾಡಿ ವಾಪಸ್ ಕೊಟ್ಟೆ, ಇಕ್ಕಳ ವಾಪಸ್ ಕೊಟ್ಟೆ. ಅವಳು ಪಠ್ಯಪುಸ್ತಕ ಅಚ್ಚುಮಾಡುವಲ್ಲಿ ಕರಡು ತಿದ್ದುವ ಕೆಲಸದವಳು. ಕಾಗದದ ಅಂಚು ಕಂಡರೆ ಕೈ ಸುಮ್ಮನಿರುವುದಿಲ್ಲ. ಮೇಜಿನ ಮೇಲಿದ್ದ ಆರನೇ ತರಗತಿಯ ಭೂಗೋಳದ ಕರಡಿನ ಅಂಚಿನಲ್ಲಿ, ನದಿಗಳ ಪಾಠದ ಪಕ್ಕ, ಹಿಂದಿನವುಗಳ ಜೊತೆ 'ಡ್ರಿಲ್, ವಾಪಸ್' ಎಂದೂ ಬರೆದಳು.

"ಇವತ್ತು ಆ ಮೂವರು ಬರ್ತಾರಲ್ಲ," ಎಂದಳು ನಾದಿನಿ, ಕಾಫಿ ಲೋಟ ಮುಂದಿಡುತ್ತ. "ತಂಡ ಮುಚ್ಚೋ ಮಾತಾಡ್ತಾರಂತೆ. ಮುಚ್ಚಲಿ. ಆ ಕಂಪ್ಯೂಟರ್ ಮಶೀನು ಕಿತ್ತುಹಾಕಿ ಮೂಲೇಲಿ ಒಂದು ಗಿಡ ಇಡಿ. ಗಿಡ ಆದ್ರೆ ಒಂದು ಎಲೆನಾದ್ರೂ ಬಿಡುತ್ತೆ."

ಆ ಮಶೀನು ಹಜಾರದ ಮೂಲೆಯಲ್ಲಿ ಏಳು ವರ್ಷದಿಂದ ಗುಂಯ್ ಎನ್ನುತ್ತಿತ್ತು. ವರ್ಷಕ್ಕೆ ಎರಡು ಸಲ ಹತ್ತುವ ಏಣಿಯನ್ನು ಪ್ರತಿ ಮನೆಯವರೂ ಯಾಕೆ ಕೊಳ್ಳಬೇಕು ಎಂದು ಅವಳ ಗಂಡನಿಗೆ ಒಂದು ದಿನ ಅನ್ನಿಸಿತ್ತು. ಅನ್ನಿಸಿದ್ದೇ ತಡ, ಮೂವರನ್ನು ಕೂಡಿಹಾಕಿಕೊಂಡು ಒಂದು ಸಾಫ್ಟ್‌ವೇರ್ ಬರೆಯಲು ಕೂತ. ಸುತ್ತಲಿನ ಬೀದಿಗಳಲ್ಲಿ ಯಾರ ಹತ್ತಿರ ಏನಿದೆ, ಯಾರಿಗೆ ಏನು ಬೇಕು ಎಂದು ತೋರಿಸುವುದು ಅದರ ಕೆಲಸ. ಪ್ರತಿ ಭಾನುವಾರ ಹತ್ತು ಗಂಟೆಗೆ ತಂಡ ಸೇರುತ್ತಿತ್ತು. ಗೋಡೆಯ ಹಲಗೆಯ ಮೇಲೆ ಗುರಿ ಬರೆದಿತ್ತು: 'ಒಂದೇ ಹೊತ್ತಿಗೆ ಐನೂರು ಸಾಮಾನು ಹೊರಗೆ.' ಏಳು ವರ್ಷದಲ್ಲಿ ಆ ಲೆಕ್ಕ ನಲವತ್ತರ ಆಚೀಚೆ ಬಿಟ್ಟು ಕದಲಲಿಲ್ಲ. ಸಾಲದ್ದಕ್ಕೆ ಗಂಡ ಪ್ರತಿ ಸಂಜೆ ಒಂದು ಗಂಟೆ ಆ ಮಶೀನಿನ ಮುಂದೆ ಒಬ್ಬನೇ ಕೂರುತ್ತಿದ್ದ. ಏನು ಮಾಡುತ್ತೀ ಎಂದರೆ, ಸ್ವಲ್ಪ ಸರಿಮಾಡ್ತಿದೀನಿ ಎನ್ನುತ್ತಿದ್ದ.

ಅವನು ಸಾಯುವ ಎರಡು ವಾರ ಮೊದಲು ಅವಳಿಗೆ ರೇಗಿಹೋಗಿತ್ತು. "ಯಾರಿಗೂ ಬೇಡದ ಕೆಲಸಕ್ಕೆ ಏಳು ವರ್ಷ ಹಾಕಿದೀಯ. ಅದರ ಜೊತೆ ನನ್ನ ಸಂಜೆಗಳನ್ನೂ ಹಾಕಿದೀಯ," ಎಂದಿದ್ದಳು. ಅವನು "ಇರಬಹುದು" ಎಂದು ದೀಪ ಆರಿಸಿದ್ದ.

ಎಲ್ಲ ಮರಗಟ್ಟಿದ್ದರೂ ಆ ಒಂದು ಮಾತು ಮಾತ್ರ ಉಗುರಿನ ಸಂದಿಯ ಸಿಬುರಿನಂತೆ ಉಳಿದಿತ್ತು. ಮಾತು ನಿಜವಾದರೆ ಅವನ ಏಳು ವರ್ಷ ನೀರಿನಲ್ಲಿ ಹೋಮ. ಸುಳ್ಳಾದರೆ ತಾನು ಆಡಿದ ಕೊನೆಯ ಜಗಳ ಅನ್ಯಾಯದ್ದು. ಎರಡರಲ್ಲಿ ಯಾವುದು ಆಗಲಿ ಎಂದು ಹಾರೈಸಬೇಕೋ ತಿಳಿಯದೆ ಅವಳು ಕಾಫಿ ಕುಡಿದಳು. ಡಬ್ಬಿಯ ಗುಟ್ಟು ಗೊತ್ತಾದ ಮೇಲೂ ಅದಕ್ಕೆ ಉಪ್ಪೇ ಬಿದ್ದಿತ್ತು.

ಹತ್ತು ಗಂಟೆಗೆ ಮೂವರೂ ಬಂದರು. ಮೊದಲು ಪುಟ್ಟ. ಆರಡಿ ಮೂರಂಗುಲದ ಆಳು, ಎರಡು ಹೆಣ್ಣುಮಕ್ಕಳ ತಂದೆ. ಸಾಫ್ಟ್‌ವೇರಿನ ಮುಕ್ಕಾಲು ಪಾಲು ಬರೆದವನು ಅವನೇ. ಅವನ ಹಿಂದೆ ಮೀಸೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಮೀಸೆ ಬೋಳಿಸಿ ನಾಲ್ಕು ವರ್ಷವಾಗಿದ್ದರೂ ಹೆಸರು ಮಾತ್ರ ಬಿದ್ದಿರಲಿಲ್ಲ. ಕೊನೆಗೆ ಟೀಚರು, ನಿವೃತ್ತರಾದ ಲೆಕ್ಕದ ಮೇಡಂ, ಕಂಕುಳಲ್ಲಿ ಸಭೆಯ ನಡಾವಳಿ ಬರೆಯುವ ದಪ್ಪ ಪುಸ್ತಕ ಹಿಡಿದು.

ಬಂದವರು ಬಾಗಿಲಲ್ಲೇ ನಿಂತರು. ನಲವತ್ತು ಕುರ್ಚಿ ನೋಡಿ ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ. ಮೀಸೆ ಕ್ಷೌರದಂಗಡಿಯ ಕುರ್ಚಿ ಹಿಡಿದ.

"ಇವತ್ತು ಎರಡು ವಿಷಯ," ಎಂದು ಟೀಚರು ಕನ್ನಡಕ ಏರಿಸಿದರು. "ಒಂದು, ಗುರಿಯ ಮರುಪರಿಶೀಲನೆ. ಎರಡು, ತಂಡದ ವಿಸರ್ಜನೆ."

"ಎರಡನೇದು ಮೊದಲು ತಗೊಂಡ್ರೆ ಒಂದನೇದು ಬೇಕಾಗೋದೇ ಇಲ್ಲ, ಟೀಚರ್," ಎಂದ ಮೀಸೆ.

"ನೀನು ಎಸ್‌ಎಸ್‌ಎಲ್‌ಸಿಲೂ ಹೀಗೇ ಹಿಂದಿನಿಂದ ಬರೆದಿದ್ದೆ. ಎಷ್ಟು ಬಂತು ಅಂತ ಹೇಳ್ಲಾ?"

ಮೀಸೆ ಕುರ್ಚಿಯನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿಕೊಂಡ.

ಅವಳು ಬಾಗಿಲ ಬಳಿಯ ಮಡಚುವ ಕುರ್ಚಿಯಲ್ಲಿ ಕೂತಿದ್ದಳು. ಏಳು ವರ್ಷದಲ್ಲಿ ಒಂದು ದಿನವೂ ಸಭೆಯಲ್ಲಿ ಕೂತವಳಲ್ಲ. ಇಂದು ತೀರ್ಪು ಕೇಳಲು ಕೂತಿದ್ದಳು. ಬೇಡದ ಕೆಲಸ ಎಂದು ಈ ಮೂವರೇ ಹೇಳಿ ಎದ್ದುಹೋದರೆ ಅಲ್ಲಿಗೆ ಮುಗಿಯಿತು.

ಪುಟ್ಟ ಮಶೀನಿನ ಪರದೆ ತೆರೆದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

"ಇನ್ನೂರ ಮೂವತ್ತೊಂದು," ಎಂದ.

"ಏನು ಇನ್ನೂರ ಮೂವತ್ತೊಂದು?"

"ಹೊರಗಿರೋ ಸಾಮಾನು."

ಮೂವರೂ ಪರದೆಯ ಮೇಲೆ ಮುಗಿಬಿದ್ದರು. ಏಳು ವರ್ಷ ಹಾಸಿಗೆ ಹಿಡಿದಂತೆ ಮಲಗಿದ್ದ ಗೆರೆ ಒಂಬತ್ತು ದಿನದ ಹಿಂದೆ ಎದ್ದು ನಿಂತು ನೆಟ್ಟಗೆ ಮೇಲಕ್ಕೆ ಹೋಗಿತ್ತು.

"ಹೀಗೇ ಹೋದ್ರೆ ಬರೋ ತಿಂಗಳು ಐನೂರು," ಎಂದ ಮೀಸೆ. "ಇಂಥ ಹೊತ್ತಲ್ಲಿ ತಂಡ ಮುಚ್ಚೋಕಾಗುತ್ತಾ? ಟೀಚರ್, ವಿಷಯ ಎರಡು ಹೊಡೆದುಹಾಕಿ."

"ಒಂಬತ್ತು ದಿನ ಅಂದ್ರೆ…" ಎಂದು ಪುಟ್ಟ ಅರ್ಧಕ್ಕೆ ನಿಲ್ಲಿಸಿದ.

ಅಡುಗೆಮನೆಯ ಬಾಗಿಲಿಗೆ ನಾದಿನಿ ಬಂದು ನಿಂತಿದ್ದಳು. "ಸರಿಯಾಯ್ತು. ನಮ್ಮಣ್ಣ ಮಲಗಿದ, ನಿಮ್ಮ ಗೆರೆ ಎದ್ದು ಕೂತಿತು. ಏಳು ವರ್ಷ ಅವನೇ ಅದರ ಮೇಲೆ ಕೂತಿದ್ದ ಅಂತ ಕಾಣುತ್ತೆ."

ಆ ಮೂವರ ಮುಖದ ಮೇಲೆ ಅದೇ ಅನುಮಾನ ಇಣುಕಿ ನಾಚಿಕೊಂಡು ಹೋದದ್ದನ್ನು ಅವಳು ಕಂಡಳು. ಎದ್ದು ಹೋಗಿ ಪರದೆಯ ಮುಂದೆ ನಿಂತಳು.

"ಪಟ್ಟಿ ತೋರಿಸು, ಪುಟ್ಟ."

ಅವಳು ಓದುವುದು ಬೆರಳಿಟ್ಟುಕೊಂಡು. ಕಣ್ಣು ಮುಂದೆ ಓಡುತ್ತದೆ, ಬೆರಳು ಓಡುವುದಿಲ್ಲ. ಮೊದಲ ಸಾಲು ಕುರ್ಚಿ. ಎರಡನೆಯದು ಕುರ್ಚಿ. ಆಮೇಲೆ ಕುರ್ಚಿ, ಕುರ್ಚಿ, ದೊಡ್ಡ ಕೆಟಲ್, ಚಾಪೆ, ಕರೆಂಟಿನ ಉದ್ದ ವೈರು. ಆಮೇಲೆ ಕಪ್ಪು, ಕಪ್ಪು, ಕಪ್ಪು.

"ಎದುರು ಮನೆಯವರು ಕಪ್ಪುಗಳನ್ನ ಒಂದೊಂದಾಗಿ ಬರೆದಿದ್ದಾರೆ," ಎಂದಳು. "ಅರವತ್ತು. ಕುರ್ಚಿ ನಲವತ್ತು. ಕೆಟಲ್, ಚಾಪೆ, ವೈರು ಅಂತ ಹದಿನೆಂಟು. ಒಟ್ಟು ನೂರ ಹದಿನೆಂಟು."

"ಅಂದ್ರೆ ಏನು ಅತ್ತಿಗೆ?" ಎಂದ ಪುಟ್ಟ. ತಂಡದವರಿಗೆಲ್ಲ ಅವಳ ಗಂಡ ಅಣ್ಣ, ಹಾಗಾಗಿ ಅವಳು ಅತ್ತಿಗೆ.

"ಇದು ಅವರ ಅಂತ್ಯಕ್ರಿಯೆ. ಮೀಸೆ, ನೀವು ಕೂತಿರೋದು ಇಪ್ಪತ್ತೆರಡನೇ ಸಾಲು."

ಮೀಸೆ ತಿರುಗುವುದನ್ನು ನಿಲ್ಲಿಸಿದ. ಕೆಳಗೆ ನೋಡಿಕೊಂಡ. ಆಮೇಲೆ ಟೀಚರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡಳು. ಅಲ್ಲ, ನಗು. ತಡೆಯಲು ನಡಾವಳಿ ಪುಸ್ತಕವನ್ನು ಬಾಯಿಗೆ ಒತ್ತಿಕೊಂಡಿದ್ದರು. "ಕ್ಷಮಿಸು ಕಣಮ್ಮ," ಎಂದರು ಪುಸ್ತಕದ ಹಿಂದಿನಿಂದ. "ಅವನಿದ್ದಿದ್ರೆ ಅವನೂ ನಗ್ತಿದ್ದ."

"ಅವರಿದ್ದಿದ್ರೆ ಕಪ್ಪುಗಳನ್ನ ಒಂದೇ ಸಾಲಿಗೆ ಸೇರಿಸ್ತಿದ್ರು," ಎಂದಳು ಅವಳು.

ನಗು ಇಳಿದ ಮೇಲೆ ಪುಟ್ಟ ಬೆರಳು ಮಡಿಸಿದ. "ಸರಿ, ಇದು ನೂರ ಹದಿನೆಂಟು. ಮಾಮೂಲಿ ನಲವತ್ತು ಕಳೀರಿ. ಇನ್ನೂ ಎಪ್ಪತ್ತು ಚಿಲ್ಲರೆ ಉಳಿಯುತ್ತಲ್ಲ."

ಅವಳು ಭೂಗೋಳದ ಕರಡು ತಂದು ಮೇಜಿನ ಮೇಲಿಟ್ಟಳು. ನದಿ, ಪರ್ವತ, ಮರುಭೂಮಿಗಳ ಸುತ್ತ ಅಂಚಿನ ತುಂಬ ಅವಳ ಕೆಂಪು ಅಕ್ಷರ. "ಇವೆಲ್ಲ ವಾಪಸ್ ಬಂದಿವೆ. ಫೋನ್ ಮಾಡಿ ಹೇಳಿದ್ದಾರೆ. ಎಪ್ಪತ್ತೊಂದು. ಪಟ್ಟಿಯಲ್ಲಿ ಇನ್ನೂ ಹೊರಗೆ ಅಂತಾನೇ ಇದೆ. ವಾಪಸ್ ಬಂತು ಅನ್ನೋಕೆ ಎಲ್ಲಿ ಒತ್ತಬೇಕು?"

ಪುಟ್ಟ ಮೀಸೆಯನ್ನು ನೋಡಿದ. ಮೀಸೆ ಪುಟ್ಟನನ್ನು ನೋಡಿದ.

"ನೀನು ಮಾಡಿದ್ದಲ್ವಾ ಅದು?"

"ನಾನ್ಯಾಕೆ ಮಾಡ್ಲಿ? ನೀನು ಮಾಡ್ತೀನಿ ಅಂದಿದ್ದೆ."

ಟೀಚರು ಆಗಲೇ ಪುಸ್ತಕದ ಹಾಳೆ ಮಗುಚುತ್ತಿದ್ದರು. "ನಾಲ್ಕನೇ ಸಭೆ. ವಾಪಸ್ ಬಟನ್, ಮುಂದಿನ ವಾರ. ಹನ್ನೊಂದನೇ ಸಭೆ. ವಾಪಸ್ ಬಟನ್, ಮುಂದಿನ ವಾರ. ಇಪ್ಪತ್ತಾರನೇ ಸಭೆ." ಅಲ್ಲಿ ನಿಂತರು. "ಬಟನ್ ಬರುವ ತನಕ ಅದನ್ನು ತಾನು ನೋಡಿಕೊಳ್ಳುವುದಾಗಿ ಅಣ್ಣ ತಿಳಿಸಿದರು." ಮುಂದಿನ ಹಾಳೆಗಳಲ್ಲಿ ಆ ಮಾತೇ ಇರಲಿಲ್ಲ.

"ಅಂದ್ರೆ ಏಳು ವರ್ಷ ಬಟನ್ನೇ ಇಲ್ಲ," ಎಂದಳು ನಾದಿನಿ. "ಕೊಡೋಕಿದೆ, ತಗೊಳ್ಳೋಕಿದೆ, ತಿರುಗಿ ಕೊಡೋಕಿಲ್ಲ. ನೀವೆಲ್ಲ ಓದಿದವರಾ?"

"ಹಾಗಾದ್ರೆ ಲೆಕ್ಕ ನಲವತ್ತರಲ್ಲೇ ನಿಂತಿದ್ದು ಹೇಗೆ?" ಎಂದ ಮೀಸೆ.

ಅದಕ್ಕೆ ಉತ್ತರ ಅವಳಿಗೆ ಮಾತ್ರ ಗೊತ್ತಿತ್ತು. ಅದು ಗೊತ್ತಿದೆ ಎಂಬುದು ಆ ಕ್ಷಣದವರೆಗೆ ಅವಳಿಗೇ ಗೊತ್ತಿರಲಿಲ್ಲ. ಸಂಜೆಯಾದ ಮೇಲೆ ಫೋನು ಕಿವಿಗೆ ಸಿಕ್ಕಿಸಿಕೊಂಡು ಮಶೀನಿನ ಮುಂದೆ ಕೂರುತ್ತಿದ್ದ ಬೆನ್ನು ಕಣ್ಣಿಗೆ ಕಟ್ಟಿತು. ಹೂಂ, ಬಂತಾ, ಸರಿ ಬಿಡಿ, ಗೋಡೆ ಚೆನ್ನಾಗಿ ಬಂತಾ, ಮಗಳು ಹೇಗಿದಾಳೆ, ಸರಿ ಬಿಡಿ.

"ಒಂದೊಂದೇ ಸಾಲು ಕೈಯಾರೆ ಅಳಿಸ್ತಿದ್ರು," ಎಂದಳು. "ದಿನಾ ಸಂಜೆ."

ಅವಳ ಬೆರಳು ಇನ್ನೂ ಪರದೆಯ ಮೇಲಿತ್ತು. ಪಟ್ಟಿಯ ಎಡಗಡೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಂಖ್ಯೆ ಇತ್ತು. ಎಲ್ಲಕ್ಕಿಂತ ಹೊಸ ಸಾಲಿನಲ್ಲಿ ಅದು 19,640.

"ಇದೇನು?"

"ಅದು ಬರೀ ಕ್ರಮಸಂಖ್ಯೆ ಅತ್ತಿಗೆ. ಸಾಲು ಹುಟ್ಟಿದಾಗ ತಾನಾಗೇ ಬೀಳುತ್ತೆ. ಸಾಲು ಅಳಿಸಿದ್ರೂ ಆ ಸಂಖ್ಯೆ ಇನ್ನೊಂದಕ್ಕೆ ಹೋಗಲ್ಲ. ಅದನ್ನ ಯಾರೂ ನೋಡಲ್ಲ."

ಕರಡು ತಿದ್ದುವವರು ನೋಡುತ್ತಾರೆ. ಕೊನೆಯ ಪುಟದ ಸಂಖ್ಯೆ ಒಂದು, ಕೈಯಲ್ಲಿರುವ ಹಾಳೆಗಳ ಲೆಕ್ಕ ಇನ್ನೊಂದು ಆದರೆ ನಡುವಿನವು ಎಲ್ಲಿ ಎಂದು ಹುಡುಕುವುದಕ್ಕೇ ಅವರಿಗೆ ಕೆಲಸ ಕೊಟ್ಟಿರುವುದು.

"ಟೀಚರ್, ಇದರಲ್ಲಿ ಇನ್ನೂರ ಮೂವತ್ತೊಂದು ಕಳೆದರೆ?"

"ಹತ್ತೊಂಬತ್ತು ಸಾವಿರದ ನಾನೂರ ಒಂಬತ್ತು." ಟೀಚರಿಗೆ ಉಸಿರು ತೆಗೆದುಕೊಳ್ಳುವಷ್ಟು ಹೊತ್ತೂ ಬೇಕಾಗಲಿಲ್ಲ. ಹೇಳಿದ ಮೇಲೆ ಮಾತ್ರ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಭಾಗಿಸಿದರು. "ಹೋಗಿ, ಕೆಲಸ ಮುಗಿಸಿ, ಮನೆಗೆ ಬಂದ ಸಾಮಾನು. ದಿನಕ್ಕೆ ಏಳೂವರೆ. ಏಳು ವರ್ಷ, ಒಂದು ದಿನ ರಜೆ ಇಲ್ಲದೆ."

"ನಾವು ಎಣಿಸ್ತಿದ್ದಿದ್ದು ಇನ್ನೂ ಮನೆಗೆ ಬರದೇ ಇರೋದನ್ನ," ಎಂದ ಪುಟ್ಟ ಮೆಲ್ಲಗೆ.

"ಐನೂರು ಹೊರಗೆ ಅಂದ್ರೆ ಐನೂರು ಸಾಮಾನು ನುಂಗಿ ಕೂತಿದ್ದಾರೆ ಅಂತ ಅರ್ಥ," ಎಂದಳು ನಾದಿನಿ. "ಇಷ್ಟು ಗೊತ್ತಾಗೋಕೆ ಏಳು ವರ್ಷ ಬೇಕಾಯ್ತಾ? ಅದೂ ಲೆಕ್ಕದ ಟೀಚರನ್ನ ಪಕ್ಕದಲ್ಲಿ ಕೂರಿಸ್ಕೊಂಡು?"

"ಕೂಡೋದು ಕಳೆಯೋದು ಕೇಳಿದ್ರೆ ಹೇಳ್ತೀನಮ್ಮ," ಎಂದರು ಟೀಚರು. "ಯಾವುದನ್ನ ಎಣಿಸ್ಬೇಕು ಅಂತ ನನ್ನ ಯಾರೂ ಕೇಳ್ಲಿಲ್ಲ."

ಯಾರಿಗೂ ಬೇಡದ ಕೆಲಸ. ಆ ಮಾತು ಹತ್ತೊಂಬತ್ತು ಸಾವಿರದ ನಾನೂರ ಒಂಬತ್ತು ಸಲ ಸುಳ್ಳಾಗಿತ್ತು. ಅವಳು ಹತ್ತಿರದ ಕುರ್ಚಿಯಲ್ಲಿ ಕೂತಳು. ಗಿಡ್ಡ ಕಾಲಿನದು, ಒಂದು ಕಡೆಗೆ ವಾಲಿತು. ಸಂತೋಷವೋ ನಾಚಿಕೆಯೋ ಗೊತ್ತಾಗದ ಒಂದು ಬಿಸಿ ಕಿವಿಯವರೆಗೆ ಏರಿತು. ಅವನು ಆ ರಾತ್ರಿಯೇ ಈ ಸಂಖ್ಯೆ ತೋರಿಸಿ ಬಾಯಿ ಮುಚ್ಚಿಸಬಹುದಿತ್ತು. ಅವನೂ ಅದನ್ನು ನೋಡಿರಲಿಲ್ಲ ಎಂದು ಕಾಣುತ್ತದೆ. 'ಇರಬಹುದು' ಎಂದಾಗ ನಿಜವಾಗಿಯೂ ಹಾಗೆಂದುಕೊಂಡೇ ದೀಪ ಆರಿಸಿದ್ದ. ಅದು ಇನ್ನೂ ಚುಚ್ಚಿತು.

ಪುಟ್ಟ ತೋಳು ಮಡಿಸಿ ಬಟನ್ ಬರೆಯಲು ಕೂತ. ಏಳು ವರ್ಷ ಮುಂದಿನ ವಾರಕ್ಕೆ ಹೋಗುತ್ತಿದ್ದ ಕೆಲಸ ನಲವತ್ತು ನಿಮಿಷದಲ್ಲಿ ಮುಗಿಯಿತು. ಅದರಲ್ಲಿ ಹತ್ತು ನಿಮಿಷ ಬಟನ್ ಯಾವ ಬಣ್ಣದ್ದಿರಬೇಕೆಂಬ ಜಗಳಕ್ಕೆ ಹೋಯಿತು. ಮೀಸೆ ಹಸಿರೆಂದ, ಟೀಚರು ನೀಲಿ ಎಂದರು, ನಾದಿನಿ ಕೇಳದೆಯೇ ಕೆಂಪು ಎಂದಳು. ಹಸಿರಾಯಿತು.

"ಇನ್ನು ವಿಷಯ ಎರಡು," ಎಂದರು ಟೀಚರು.

ಎಲ್ಲರೂ ಹಸಿರು ಬಟನ್ ನೋಡುತ್ತ ಕೂತರು. ಅದು ಬಂದ ಮೇಲೆ ಫೋನು ಎತ್ತುವವರು ಬೇಕಿಲ್ಲ, ಅಳಿಸುವವರು ಬೇಕಿಲ್ಲ. ಬೀದಿಯ ಜನ ತಾವೇ ಕೊಟ್ಟು ತಾವೇ ತಿರುಗಿಸುತ್ತಾರೆ.

"ಇದಕ್ಕೇ ಅಣ್ಣ ಬಟನ್ ಮಾಡೋಕೆ ಬಿಡ್ಲಿಲ್ವೇನೋ," ಎಂದ ಮೀಸೆ. "ಇದೊಂದು ಬಂದ್ರೆ ನಮಗೆ ಕೆಲಸ ಇಲ್ಲ."

"ಅವನಿಗೆ ಫೋನಲ್ಲಿ ಮಾತಾಡೋ ಚಟ," ಎಂದಳು ನಾದಿನಿ. "ಚಿಕ್ಕಂದಿನಲ್ಲಿ ರಾಂಗ್ ನಂಬರ್ ಬಂದ್ರೂ ಅರ್ಧ ಗಂಟೆ."

ಟೀಚರು ಅತ್ತಿಗೆಯ ಕಡೆ ತಿರುಗಿದರು. "ಮನೆ ನಿನ್ನದು ಕಣಮ್ಮ, ಮೂಲೆ ನಿನ್ನದು. ತಂಡ ಇರ್ಬೇಕಾ, ಬೇಡ್ವಾ? ನೀನು ಹೇಳಿದ ಹಾಗೆ."

ಇರಲಿ ಎಂದು ಹೇಳುವುದು ಸುಲಭವಿತ್ತು. ಇರಲಿ ಎಂದರೆ ಪ್ರತಿ ಭಾನುವಾರ ಹತ್ತಕ್ಕೆ ಇವರು ಬರುತ್ತಾರೆ, ಅಣ್ಣ ಹೀಗಂದಿದ್ದ, ಅಣ್ಣ ಹಾಗಂದಿದ್ದ ಎನ್ನುತ್ತಾರೆ, ಇಲ್ಲದ ಕೆಲಸವನ್ನು ಹುಡುಕಿಕೊಂಡು ಮಾಡುತ್ತಾರೆ. ಅವನ ಏಳು ವರ್ಷಕ್ಕೆ ಅಂಥ ಊರುಗೋಲು ಬೇಕಿಲ್ಲ ಎನಿಸಿತು.

"ಪುಸ್ತಕ ಅಚ್ಚಿಗೆ ಹೋದ ಮೇಲೆ ಕರಡು ತಿದ್ದೋರು ಎದ್ದು ಹೋಗ್ತಾರೆ," ಎಂದಳು. "ಇಲ್ಲದಿದ್ರೆ ಸರಿಯಾಗಿರೋದನ್ನೇ ತಿದ್ದೋಕೆ ಶುರು ಮಾಡ್ತೀವಿ. ಮುಗಿದಿದೆ, ಮುಚ್ಚಿಬಿಡಿ. ಮಶೀನು ಇಲ್ಲೇ ಇರಲಿ, ಕೆಟ್ಟರೆ ಪುಟ್ಟನ್ನ ಕರೀತೀನಿ."

"ಗಿಡ?" ಎಂದಳು ನಾದಿನಿ.

"ಪಕ್ಕದಲ್ಲಿ ಇಡು."

ಕೈ ಎತ್ತಿದರು. ಮೂರು ಕೈ. ಹಕ್ಕಿಲ್ಲದಿದ್ದರೂ ನಾದಿನಿಯದು ನಾಲ್ಕನೆಯದು. ಟೀಚರು ದುಂಡಗಿನ ಅಕ್ಷರದಲ್ಲಿ ಬರೆದರು: 'ಕೆಲಸ ಮುಗಿದಿರುವುದರಿಂದ ತಂಡವನ್ನು ವಿಸರ್ಜಿಸಲಾಯಿತು.' ಕೆಲಸ ಕೆಟ್ಟಿರುವುದರಿಂದ ಎಂದು ಬರೆಯಲು ಬಂದವರು ಅವರು.

"ಮುಂದಿನ ಭಾನುವಾರ ನಾನು ಎಲ್ಲಿಗೆ ಹೋಗ್ಲಿ?" ಎಂದ ಮೀಸೆ.

"ನಿನ್ನ ಮನೆಗೆ," ಎಂದರು ಟೀಚರು. "ಹೆಂಡತಿ ಗುರುತು ಹಿಡೀಬಹುದು, ಪ್ರಯತ್ನ ಮಾಡು."

ವಿಸರ್ಜನೆಯಾದ ತಂಡದ ಮೊದಲ ಕೆಲಸ ಕುರ್ಚಿ ಹೊರುವುದಾಯಿತು. ಪುಟ್ಟ ಒಂದೊಂದು ತೋಳಿಗೆ ಮೂರು ಸಿಕ್ಕಿಸಿಕೊಂಡ. ಟೀಚರು ಕಪ್ಪುಗಳ ಬುಟ್ಟಿ ಹಿಡಿದರು. ಮೀಸೆ ತನ್ನ ಇಪ್ಪತ್ತೆರಡನೇ ಸಾಲನ್ನು ರಸ್ತೆಯ ಮೇಲೆ ಗಡಗಡ ತಳ್ಳಿಕೊಂಡು ಕ್ಷೌರದಂಗಡಿಯ ಕಡೆ ಹೋದ. ಬೀದಿಯವರು ಬಾಗಿಲು ತೆರೆದು, ಅಯ್ಯೋ ಅವಸರ ಇರಲಿಲ್ಲ ಎನ್ನುತ್ತ ಎರಡೂ ಕೈಯಲ್ಲಿ ಇಸಿದುಕೊಂಡರು.

ಮಧ್ಯಾಹ್ನ ಅವಳು ಮಶೀನಿನ ಮುಂದೆ ಕೂತು ಭೂಗೋಳದ ಅಂಚು ನೋಡಿಕೊಂಡು ಎಪ್ಪತ್ತೊಂದು ಸಲ ಹಸಿರು ಒತ್ತಿದಳು. ಆಮೇಲೆ ಕುರ್ಚಿ, ಕಪ್ಪು. ಪಟ್ಟಿ ಕರಗುತ್ತ ಬಂತು. ಎಲ್ಲಕ್ಕಿಂತ ಕೆಳಗೆ, ಬಹಳ ಹಳೆಯ ಕ್ರಮಸಂಖ್ಯೆಯ ಒಂದು ಸಾಲಿತ್ತು. ಹನ್ನೊಂದು ತಿಂಗಳಿಂದ ಹೊರಗೆ. ಕೊಟ್ಟವರು, ಗಾರೆ ಮೇಸ್ತ್ರಿ. ತೆಗೆದುಕೊಂಡವರ ಜಾಗದಲ್ಲಿ ಅವಳ ಗಂಡನ ಹೆಸರು. ಸಾಮಾನು, ರಸಮಟ್ಟ ಒಂದು.

ಊರೆಲ್ಲದರ ಸಾಲನ್ನು ಅಳಿಸಿದವನು ತನ್ನದನ್ನು ಹಾಗೇ ಬಿಟ್ಟುಕೊಂಡಿದ್ದ.

ರಸಮಟ್ಟ ಎಂದರೆ ಗೋಡೆ, ನೆಲ ಓರೆಯಾಗಿದೆಯೇ ಎಂದು ನೋಡಲು ಮೇಸ್ತ್ರಿಗಳು ಇಡುವ ಮೊಳದುದ್ದದ ಪಟ್ಟಿ. ಮಧ್ಯದ ಗಾಜಿನಲ್ಲಿ ಒಂದು ಗುಳ್ಳೆ ಓಡಾಡುತ್ತದೆ. ಅವಳಿಗೆ ನೆನಪಾಯಿತು. ಊಟದ ಮೇಜಿನ ಮೇಲಿಟ್ಟ ಪೆನ್ಸಿಲ್ಲು ಉರುಳಿ ಬೀಳುತ್ತಿತ್ತು. ಮೇಜಿನ ಕಾಲು ಸರಿಯಿಲ್ಲ ಎಂದಿದ್ದ ಅವನು. ಮನೆಯ ನೆಲವೇ ಓರೆ ಎಂದಿದ್ದಳು ಅವಳು. ಎರಡು ದಿನ ಹಟ ಹಿಡಿದು, ಅಳೆದು ತೋರಿಸ್ತೀನಿ ನೋಡ್ತಿರು ಎಂದವನು ಮೂರನೇ ದಿನ ಆ ವಿಷಯವನ್ನೇ ಬಿಟ್ಟಿದ್ದ.

ಅಟ್ಟದ ಮೇಲೆ, ಯಾರೂ ಹಾಕದ ಸ್ವೆಟರಿನಲ್ಲಿ ಸುತ್ತಿಟ್ಟದ್ದು ಸಿಕ್ಕಿತು.

"ನೆಲದ ಮೇಲೆ ಇಟ್ಟು ನೋಡಿ ಅತ್ತಿಗೆ," ಎಂದಳು ನಾದಿನಿ.

ಬೇಡವೆನಿಸಿತು. ಯಾರು ಸರಿ, ಯಾರು ತಪ್ಪು ಎಂಬುದರಲ್ಲಿ ಆ ದಿನದ ಪಾಲು ಆಗಲೇ ಮುಗಿದಿತ್ತು. ಚಪ್ಪಲಿ ಮೆಟ್ಟಿ ಹೊರಟಳು.

ಎರಡು ಬೀದಿ ಆಚೆ ಮೇಸ್ತ್ರಿ ತನ್ನ ಮನೆಯ ಮುಂದಿನ ಕಟ್ಟೆಗೆ ಗಾರೆ ಮೆತ್ತುತ್ತಿದ್ದ. ಎರಡೂ ಕೈ ಮೊಣಕೈವರೆಗೆ ಸಿಮೆಂಟು. ಅವಳ ಕೈಯಲ್ಲಿದ್ದದ್ದನ್ನು ಕಂಡು ಕರಣೆ ಕೆಳಗಿಟ್ಟ.

"ಬಂತಾ? ಇರಿ ಅಮ್ಮ, ಕೈ ತೊಳ್ಕೋತೀನಿ. ಗಾಜಿಗೆ ಸಿಮೆಂಟು ತಾಗಿದ್ರೆ ಹೋಗಲ್ಲ."

ಬಕೆಟ್ಟಿನ ಮುಂದೆ ಕೂತು ಕೈ ಉಜ್ಜುತ್ತ ಕೇಳಿದ, "ನಿಮ್ಮ ಮನೇಲಿ ನೆಲ ಓರೆ ಅಲ್ವಾ?"

"ಯಾರು ಹೇಳಿದ್ದು?"

"ಸಾರೇ ಹೇಳಿದ್ದು. ತಗೊಂಡು ಹೋದ ಎರಡನೇ ದಿನ ಬಂದ್ರು. ನೆಲವೇ ಓರೆ ಮೇಸ್ತ್ರಿ, ಅವಳು ಹೇಳಿದ್ದೇ ಸರಿ ಅಂದ್ರು. ಸರಿ, ಹಂಗಾದ್ರೆ ರಸಮಟ್ಟ ಎಲ್ಲಿ ಅಂದೆ. ಅದನ್ನ ಈಗ ಹೊರಗೆ ತೆಗೆದ್ರೆ ಅವಳು ನೋಡ್ತಾಳೆ, ಏನಾಯ್ತು ಅಂತ ಕೇಳ್ತಾಳೆ, ಅವಳು ಮರೆತ ಮೇಲೆ ತಂದು ಕೊಡ್ತೀನಿ ಅಂದ್ರು."

"ಹನ್ನೊಂದು ತಿಂಗಳಾಯ್ತು."

"ನಾನು ಪ್ರತಿ ತಿಂಗಳೂ ಕೇಳ್ತಿದ್ದೆ. ಮರೆತ್ರಾ ಸಾರ್ ಅಂತ. ಇಲ್ಲ ಮೇಸ್ತ್ರಿ, ಅವಳು ಮರೆಯೋ ಪೈಕಿ ಅಲ್ಲ ಅಂತ ನಗೋರು." ಅವನು ನೀರು ಚೆಲ್ಲಿ, ಹೆಗಲ ಮೇಲಿನ ಬಟ್ಟೆಗೆ ಕೈ ಒರೆಸಿಕೊಂಡ. "ಬೇಕಾದ್ರೆ ನೆಲ ಸರಿಮಾಡಿ ಕೊಡ್ತೀನಿ ಅಮ್ಮ. ಒಂದು ದಿನದ ಕೆಲಸ."

"ಬೇಡ," ಎಂದಳು. ತನ್ನ ದನಿಯಲ್ಲಿ ನಗು ಇರುವುದು ಅವಳಿಗೆ ಕೇಳಿಸಿತು. "ಗೆದ್ದಿದ್ದು ಅದೊಂದೇ. ಓರೆಯಾಗೇ ಇರಲಿ."

ಮೇಸ್ತ್ರಿ ಒಣಗಿದ ಕೈ ಎರಡೂ ಚಾಚಿದ. ಅವಳು ರಸಮಟ್ಟವನ್ನು ಸ್ವೆಟರಿನಿಂದ ಬಿಚ್ಚಿ, ಗುಳ್ಳೆ ಅಲುಗದ ಹಾಗೆ ಅಡ್ಡಲಾಗಿ ಹಿಡಿದು, ಅವನ ಅಂಗೈ ಮೇಲಿಟ್ಟಳು.